ಕೆರೆಯ ನೀರೂ ಜಲಕೀಟಗಳ ಸಾಕ್ಷ್ಯವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಹುಳುಹುಪ್ಪಟೆಗಳ ವಿಷಯವಾಗಿ ಒಂದು ಲೇಖನವು ಅಚ್ಚಾಗಿರುವುದನ್ನು ಕಂಡು ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ನಗಬಹುದು. ತಾಯಿತಂದೆಗಳಲ್ಲಿ ಕೆಲವರು ಹುಬ್ಬು ಗಂಟಿಕ್ಕಲೂಬಹುದು. ಇಂಥ ಸಂಚಿಕೆಗಳಲ್ಲಿ ಸ್ತ್ರೀವಿದ್ಯೆಯ ಮೇಲ್ಮೆಯನ್ನೋ, ಗೃಹಕೃತ್ಯದ ಅಚ್ಚುಕಟ್ಟನ್ನೋ, ಕಾಲವಾದ ಉಪಾಧ್ಯಾಯಿನಿಯರ ಗುಣಗಳನ್ನೋ ಕುರಿತು ಬರೆಯುವುದು ವಾಡಿಕೆ. ಆದರೆ ಸೋಮಾರಿಯಾದವನಿಗೆ ಸೊಲೊಮೋನನು ಇರುವೆಯನ್ನೇ ಗುರುವಾಗಿ ತೋರಿಸಿದನೆಂಬುದನ್ನು ಸತ್ಯವೇದವನ್ನು ಓದಿದವರೆಲ್ಲರೂ ಬಲ್ಲರು. ಅಷ್ಟು ದೊಡ್ಡ ಅರಸನಿಗೆ ಅಲ್ಪವೆಂದು ತೋರದ ಕೀಟವು ನಮಗೆ ಅಲ್ಪವೆಂದು ತೋರಲು ಕಾರಣವಿಲ್ಲ. ನಾವು ವಾದಿಸಬೇಕೆಂದಿರುವುದು ಇಷ್ಟು: ಜೆ.ಪಿ. ನಗರದ ಕೆರೆಗಳಲ್ಲಿ ರಾಸಾಯನಿಕ ಕಲ್ಮಷವು ಸೇರುತ್ತಿದೆಯೋ ಇಲ್ಲವೋ ಎಂಬುದಕ್ಕೆ ಆ ನೀರಿನಲ್ಲಿಯೇ ಹುಟ್ಟಿ ಬೆಳೆಯುವ ಕೀಟಗಳನ್ನು ಸಾಕ್ಷಿಗಳಾಗಿ ಕರೆಯತಕ್ಕದ್ದು. ಆ ಸಾಕ್ಷ್ಯವನ್ನು ತಿಂಗಳು ತಿಂಗಳೂ ಬರೆದಿಡುವ ಕಾರ್ಯವನ್ನು ನಮ್ಮ ಹೆಣ್ಣುಮಕ್ಕಳಿಗೆ ವಹಿಸಲು ಪೋಷಕರು ಒಪ್ಪಿಗೆ ಕೊಡತಕ್ಕದ್ದು.

ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತಿರುವ ಈ ಬಡಾವಣೆಯು ಮೊದಲು ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಚುಂಚಘಟ್ಟ ಮುಂತಾದ ಹಳ್ಳಿಗಳ ಹೊಲಗದ್ದೆಗಳಾಗಿದ್ದಿತು. ಈ ಸೀಮೆಯಲ್ಲಿ ದೊಡ್ಡ ನದಿಯಿಲ್ಲ. ಆದಕಾರಣ ನಮ್ಮ ಪೂರ್ವಿಕರು ತಗ್ಗು ಕಂಡಲ್ಲೆಲ್ಲಾ ಏರಿ ಕಟ್ಟಿ, ತೂಬು ಇಟ್ಟು, ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಕಾಲುವೆ ತೆಗೆದರು. ಮಡಿವಾಳದ ಕೆರೆಯ ಹೆಚ್ಚುನೀರು ಅಗರದ ಕೆರೆಗೂ, ಅಲ್ಲಿಂದ ಬೆಳ್ಳಂದೂರಿಗೂ ಹರಿಯುವುದನ್ನು ಈಗಲೂ ಕಾಣಬಹುದು. ಈ ಏರ್ಪಾಡಿನ ಒಂದು ಗುಣವನ್ನು ಮರೆಯಕೂಡದು. ಮೇಲಿನವರು ನೀರಿಗೆ ಏನನ್ನು ಬೆರೆಸುವರೋ ಅದನ್ನು ಕೆಳಗಿನವರು ಉಣ್ಣಬೇಕಾಗುವುದು.

ಸಾರಕ್ಕಿ ಕೆರೆಯ ವಿಸ್ತೀರ್ಣವು ಸುಮಾರು ೮೨ ಎಕರೆ. ೨೦೧೫ನೆಯ ಏಪ್ರಿಲ್ ತಿಂಗಳಿನಲ್ಲಿ ಜಿಲ್ಲಾಡಳಿತದವರು ಅದರ ಒತ್ತುವರಿಯನ್ನು ತೆರವು ಮಾಡಿಸಿದಾಗ ನಗರಕ್ಕೆ ನಗರವೇ ಅತ್ತ ನೋಡಿತು. ಏಳನೆಯ ಹಂತದಲ್ಲಿರುವ ಪುಟ್ಟೇನಹಳ್ಳಿ ಕೆರೆಯು ಅದರ ಮುಂದೆ ಚಿಕ್ಕದು, ಸುಮಾರು ೧೩ ಎಕರೆ. ಅದು ಕಸದ ಗುಂಡಿಯಾಗುವುದರಲ್ಲಿದ್ದಾಗ ೨೦೧೦ರಲ್ಲಿ ನೆರೆಹೊರೆಯವರು ಒಂದು ಟ್ರಸ್ಟ್ ಕಟ್ಟಿಕೊಂಡು, ೨೦೧೧ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು, ಕೆರೆಯ ಆರೈಕೆಯನ್ನು ತಮ್ಮ ಮೇಲೆ ಹಾಕಿಕೊಂಡರು. ಆ ಕೆಲಸಕ್ಕೆ ಮುಂದಾಳಾಗಿ ನಿಂತವರು ಲೇಖಕಿ ಉಷಾ ರಾಜಗೋಪಾಲನ್ ಅವರು. ಕೆರೆಯ ಕೆಲಸವು ಗಂಡಸರದೆಂದು ತಿಳಿದಿರುವವರು ಈ ಸಂಗತಿಯನ್ನು ಗಮನಿಸಲಿ.

ಏರಿಯನ್ನು ಭದ್ರಪಡಿಸುವುದು, ಒತ್ತುವರಿ ಬಿಡಿಸುವುದು, ಗಿಡ ನೆಡುವುದು, ಇವೆಲ್ಲಾ ಕಣ್ಣಿಗೆ ಕಾಣುವ ಕಾರ್ಯಗಳು. ನೀರಿನೊಳಗೆ ಕರಗಿರುವುದು ಕಣ್ಣಿಗೆ ಕಾಣದು. ಮನೆಮನೆಯ ಸಾಬೂನುಪುಡಿ, ಪಾತ್ರೆ ತೊಳೆಯುವ ದ್ರವ, ಬಚ್ಚಲಿಗೆ ಸುರಿಯುವ ಆಮ್ಲ, ಗ್ಯಾರೇಜುಗಳ ಎಣ್ಣೆ, ಬಣ್ಣದಲ್ಲಿರುವ ಸೀಸ, ಲೋಹಕ್ಕೆ ಮುಲಾಮು ಹಾಕುವ ಕಾರ್ಖಾನೆಗಳ ಕ್ರೋಮಿಯಂ, ತೋಟಕ್ಕೂ ಹುಲ್ಲುಹಾಸಿಗೂ ಹೊಡೆಯುವ ಕೀಟನಾಶಕ, ಇವೆಲ್ಲಾ ಮಳೆಯ ನೀರಿಗೆಂದು ತೋಡಿದ ರಾಜಕಾಲುವೆಗಳ ಮೂಲಕ ಬೆಂಗಳೂರಿನ ಕೆರೆಗಳನ್ನು ಸೇರುವುವು. ೨೦೧೫ರಲ್ಲಿಯೂ ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದುದನ್ನೂ, ಅದರ ನೊರೆಯು ರಸ್ತೆಗೆ ಹಾರಿಬಂದುದನ್ನೂ ವಾಚಕರು ಮರೆತಿರಲಾರರು. ೨೦೧೬ನೆಯ ಮಾರ್ಚ್ ತಿಂಗಳಿನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುವು. ಐಗುಪ್ತದ ನದಿಗೆ ತಗಲಿದ ಬಾಧೆಯ ವೃತ್ತಾಂತದಲ್ಲಿಯೂ ಮೀನು ಸತ್ತು ನೀರು ನಾರಿದ ಮೇಲೆಯೇ ಜನರು ಬಾವಿ ತೋಡಲು ಹೊರಟದ್ದು. ನಾವೂ ಹಾಗೆಯೇ. ಮೀನು ಸತ್ತ ದಿವಸ ವರ್ತಮಾನ ಪತ್ರಿಕೆಯವರು ಬರುವರು, ಅಧಿಕಾರಿಗಳು ಬರುವರು, ನೀರಿನ ಶೀಸೆ ತುಂಬಿಸಿಕೊಂಡು ಹೋಗುವರು. ಅದಕ್ಕೆ ಎಷ್ಟೋ ಮುಂಚಿತವಾಗಿಯೇ ಆ ಕೆರೆಯಿಂದ ಒಂದೊಂದೇ ಜಾತಿಯ ಕೀಟವು ಮರೆಯಾಗುತ್ತ ಬಂದಿದ್ದರೂ ಅದನ್ನು ಎಣಿಸಿದವರು ಯಾರು?

ಶೀಸೆಯ ಪರೀಕ್ಷೆಯನ್ನು ನಾವು ಹಳಿಯುತ್ತಿಲ್ಲ. ೧೯೭೪ರಲ್ಲಿ ಸ್ಥಾಪಿತವಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು ಕೆರೆಗಳ ನೀರನ್ನು ತೆಗೆದು, ಕರಗಿರುವ ಪ್ರಾಣವಾಯು ಎಷ್ಟು, ಅಮೋನಿಯಾ ಎಷ್ಟು, ಕಲ್ಮಷವು ಕೊಳೆಯುವುದಕ್ಕೆ ಬೇಕಾಗುವ ಪ್ರಾಣವಾಯು ಎಷ್ಟು ಎಂದು ಅಳೆದು, ಎ ಎಂಬ ದರ್ಜೆಯಿಂದ ಇ ಎಂಬ ದರ್ಜೆಯವರೆಗೆ ಗುರುತು ಹಾಕುವರು. ಮೀನು ಮೊದಲಾದ ಜಲಚರಗಳು ಬದುಕಲು ತಕ್ಕದ್ದಾದ ಡಿ ದರ್ಜೆಗೆ ಲೀಟರಿಗೆ ೪ ಮಿಲಿಗ್ರಾಮಿಗಿಂತ ಕಡಿಮೆಯಿಲ್ಲದ ಪ್ರಾಣವಾಯು ಬೇಕು. ಇದು ಅವಶ್ಯವಾದ ಕೆಲಸವೇ ಸರಿ; ಆದರೆ ಶೀಸೆಯು ತಾನು ತುಂಬಿದ ಗಳಿಗೆಯನ್ನು ಮಾತ್ರ ಬಲ್ಲದು. ಸಾಬೂನಿನ ಕಲ್ಮಷದಿಂದಲೂ ಚರಂಡಿಯ ಕಲ್ಮಷದಿಂದಲೂ ಪಾಚಿ ಕೊಬ್ಬಿದ ಕೆರೆಯನ್ನು ತೆಗೆದುಕೊಳ್ಳಿರಿ. ಹಗಲಿನಲ್ಲಿ ಪಾಚಿಯು ಬಿಸಿಲನ್ನು ಉಂಡು ಪ್ರಾಣವಾಯುವನ್ನು ಹೊರಸೂಸುವುದರಿಂದ ಮಧ್ಯಾಹ್ನ ತುಂಬಿದ ಶೀಸೆಯು ನೀರು ಚೆನ್ನಾಗಿದೆಯೆಂದು ಹೇಳುವುದು. ರಾತ್ರಿಯಲ್ಲಿ ಅದೇ ಪಾಚಿಯು ಅದೇ ಪ್ರಾಣವಾಯುವನ್ನು ತಾನೇ ಉಸಿರಾಡಿ ತೀರಿಸುವುದರಿಂದ ಕೋಳಿ ಕೂಗುವ ಹೊತ್ತಿಗೆ ನೀರಿನಲ್ಲಿ ಉಸಿರೇ ಇರದು. ಆ ಹೊತ್ತಿನಲ್ಲಿ ಶೀಸೆ ಹಿಡಿದು ದಡದಲ್ಲಿ ನಿಲ್ಲುವವರಾರು? ಕಾರ್ಖಾನೆಯವನೊಬ್ಬನು ಶನಿವಾರ ರಾತ್ರಿ ತೊಟ್ಟಿಯನ್ನು ಕಾಲುವೆಗೆ ಬಿಟ್ಟರೆ ಸೋಮವಾರದ ಶೀಸೆಗೆ ಅದರ ಸುಳಿವು ಹತ್ತದೆಯೂ ಹೋಗಬಹುದು.

ಕೀಟವಾದರೋ ಹಗಲೂ ರಾತ್ರಿಯೂ ನೀರಿನಲ್ಲಿಯೇ ಇರುವುದು. ಮೊಟ್ಟೆಯೊಡೆದಂದಿನಿಂದ ರೆಕ್ಕೆ ಬರುವವರೆಗೆ ಕೆಲವು ಜಾತಿಗಳಿಗೆ ಕೆಲವು ವಾರಗಳು, ಕೆಲವಕ್ಕೆ ತಿಂಗಳುಗಳು ಬೇಕು. ಅಷ್ಟು ಕಾಲ ಅದು ಓಡಿಹೋಗಲಾರದು. ಅದರ ಮೈಯೇ ಒಂದು ದಿನಚರಿಯ ಪುಸ್ತಕ. ಈ ಮಾತಿನ ಅರ್ಥವು ಸ್ಪಷ್ಟವಾಗಬೇಕಾದರೆ ಕೀಟಗಳು ನೀರಿನಲ್ಲಿ ಉಸಿರಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಸೊಳ್ಳೆಯ ಮರಿಯನ್ನು ಎಲ್ಲರೂ ಕಂಡಿದ್ದೇವೆ. ಅದು ತಲೆಕೆಳಗಾಗಿ ತೂಗಿಕೊಂಡು, ಬಾಲದ ಬಳಿಯಿರುವ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದು. ನೀರಿನಲ್ಲಿ ಪ್ರಾಣವಾಯು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೂನೊಣದ ಜಾತಿಯೊಂದರ ಮರಿಗೆ ಇಲಿಯ ಬಾಲದಂಥ ಉದ್ದವಾದ ಕೊಳವೆಯಿದ್ದು, ಅದು ಮಲದ ಗುಂಡಿಯಲ್ಲಿಯೂ ಸುಖವಾಗಿರುವುದು. ಇನ್ನು ಕೆರೆಯ ತಳದ ಕೆಸರಿನಲ್ಲಿ ನೆತ್ತರಿನ ಬಣ್ಣದ ಸಣ್ಣ ಹುಳುಗಳಿರುವುವು. ಇವು ಕಚ್ಚದ ಒಂದು ಬಗೆಯ ನುಸಿಯ ಮರಿಗಳು. ಶಾಸ್ತ್ರಜ್ಞರು ಕೈರೊನೊಮಿಡ್ ಎನ್ನುವರು, ಅಲಂಕಾರದ ಮೀನು ಸಾಕುವವರು ರಕ್ತಹುಳು ಎನ್ನುವರು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಂಬ ಪದಾರ್ಥವೇ ಇವುಗಳ ಮೈಯಲ್ಲಿಯೂ ಇರುವುದರಿಂದ ಅತ್ಯಲ್ಪವಾದ ಪ್ರಾಣವಾಯುವನ್ನೂ ಹಿಡಿದಿಟ್ಟುಕೊಂಡು ಬದುಕಬಲ್ಲುವು. ಬೇರೆ ಯಾವ ಕೀಟವೂ ಇಲ್ಲದೆ ಇವು ಮಾತ್ರ ಸಾವಿರಗಟ್ಟಲೆಯಾಗಿ ದೊರೆತರೆ ಕೆರೆಯ ತಳಕ್ಕೆ ಉಸಿರು ಕಟ್ಟಿದೆಯೆಂದು ತಿಳಿಯತಕ್ಕದ್ದು.

ಇವುಗಳಿಗೆ ಎದುರಾಗಿ ಮೇಫ್ಲೈ ಎಂಬ ಕೋಮಲವಾದ ಕೀಟದ ಮರಿಯನ್ನು ನೋಡಿರಿ. ಅದರ ಹೊಟ್ಟೆಯ ಎರಡು ಪಕ್ಕಗಳಲ್ಲಿ ಎಲೆಯಂಥ ತೆಳುವಾದ ಕಿವಿರುಗಳು ಸಾಲಾಗಿರುವುವು. ನೀರಿನಲ್ಲಿ ಕರಗಿರುವ ಪ್ರಾಣವಾಯುವಿನ ಹೊರತು ಅದಕ್ಕೆ ಬೇರೆ ಗತಿಯಿಲ್ಲ. ಆ ತೆಳುವಾದ ಕಿವಿರಿನ ಮೂಲಕವೇ ತಾಮ್ರ, ಸತು ಮೊದಲಾದ ಲೋಹಗಳ ವಿಷವೂ ಕೀಟನಾಶಕಗಳ ವಿಷವೂ ಒಳಹೊಗುವುವು. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ದೊಡ್ಡ ಕೀಟದ ಮರಿಯು ನೀರನ್ನು ಕರುಳಿನ ತುದಿಗೆ ಎಳೆದುಕೊಂಡು ಅಲ್ಲಿರುವ ಕಿವಿರುಗಳಿಂದ ಉಸಿರಾಡುವುದು. ಅದೇ ನೀರನ್ನು ಜೋರಾಗಿ ಹಿಂದಕ್ಕೆ ಚಿಮ್ಮಿ ಬಾಣದಂತೆ ಮುಂದಕ್ಕೆ ಹಾರುವುದು. ಅದರ ಸಣ್ಣ ಬಂಧುವಾದ ಸೂಜಿಯಂಥ ಕೀಟದ ಮರಿಗೆ ಬಾಲದಲ್ಲಿ ಮೂರು ಗರಿಗಳಿವೆ. ಈ ಎರಡೂ ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುವುವು. ಸೃಷ್ಟಿಕರ್ತನ ಕೈಯ ಇಂಥ ಕೆಲಸವನ್ನು ನಮ್ಮ ಹುಡುಗಿಯರು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿ ಪರೀಕ್ಷೆ ಬರೆದುಬರುವುದು ನಮಗೆ ಬಹಳ ಕೊರಗನ್ನುಂಟುಮಾಡುವ ವಿಷಯ.

ಪ್ರಾಣವಾಯುವಿನ ಮಾತು ಹಾಗಿರಲಿ. ರಾಸಾಯನಿಕಗಳನ್ನೇ ನೇರವಾಗಿ ತೋರಿಸಿಕೊಡುವ ಕುರುಹುಗಳೂ ಉಂಟು. ಉದ್ದಕಾಲಿನ ಒಂದು ಹುಳುವು ಕೆರೆಯ ಮೇಲೆ ಮುಳುಗದೆ ಓಡಾಡುವುದನ್ನು ಎಲ್ಲರೂ ನೋಡಿರುವರು. ನೀರಿನ ಮೇಲ್ಮೈಯು ಬಿಗಿದ ಚರ್ಮದಂತಿರುವುದರಿಂದಲೂ ಅದರ ಕಾಲಿನ ಸೂಕ್ಷ್ಮವಾದ ಕೂದಲಿಗೆ ನೀರು ಹತ್ತದಿರುವುದರಿಂದಲೂ ಅದಕ್ಕೆ ಆ ಶಕ್ತಿ. ಸಾಬೂನುಪುಡಿಯ ಗುಣವೇ ಆ ಬಿಗಿಯನ್ನು ಸಡಿಲಿಸುವುದು. ಸಡಿಲಿಸದಿದ್ದರೆ ಬಟ್ಟೆಯ ಕೊಳೆ ಹೋಗದು. ಆದಕಾರಣ ಸಾಬೂನು ಹೆಚ್ಚಾದ ನೀರಿನಲ್ಲಿ ಈ ಹುಳುವು ನೆನೆದು ಮುಳುಗುವುದು. ಒಂದು ಬೋಗುಣಿ ನೀರಿನ ಮೇಲೆ ಸೂಜಿಯನ್ನು ಮೆಲ್ಲಗೆ ತೇಲಿಸಿ, ಅದಕ್ಕೆ ಒಂದು ತೊಟ್ಟು ಸಾಬೂನಿನ ನೀರು ಬಿಟ್ಟು ನೋಡಿದ ಯಾವ ಹುಡುಗಿಗೂ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಕುರುಹು ಮೊದಲು ಹೇಳಿದ ರಕ್ತಹುಳುವಿನ ಬಾಯಿಯಲ್ಲಿರುವುದು. ಅದು ಎಂಥ ಕೊಳಕಿಗೂ ಜಗ್ಗದ ಪ್ರಾಣಿಯಾದರೂ, ಲೋಹಗಳೂ ಕೀಟನಾಶಕಗಳೂ ಬೆರೆತ ಕೆಸರಿನಲ್ಲಿ ಬೆಳೆದರೆ ಅದರ ಬಾಯಿಯ ಹಲ್ಲಿನ ಸಾಲು ಸೊಟ್ಟಗಾಗುವುದು; ಕೆಲವು ಹಲ್ಲುಗಳು ಇಲ್ಲದೆಹೋಗುವುವು, ಕೆಲವು ಕೂಡಿಕೊಳ್ಳುವುವು. ಕೆನಡಾ ದೇಶದ ಸರೋವರಗಳ ಹುಳುಗಳಲ್ಲಿ ಈ ವಿಕಾರಗಳನ್ನು ಕಂಡು ೧೯೭೧ರಲ್ಲಿ ಪ್ರಕಟಿಸಿದ ಮೇಲೆ ಲೋಕದ ಅನೇಕ ಕಡೆಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಇದಕ್ಕೆ ಬೇಕಾದುದು ಒಂದು ಸೂಕ್ಷ್ಮದರ್ಶಕ ಯಂತ್ರ, ಗಾಜಿನ ಹಲ್ಲೆ, ತಾಳ್ಮೆ. ಮೊದಲಿನ ಎರಡು ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿವೆ.

ಈ ವಿದ್ಯೆಯು ಹೊಸದೇನೂ ಅಲ್ಲ. ಜರ್ಮನಿಯಲ್ಲಿ ಕೋಲ್ಕ್ವಿಟ್ಸ್, ಮಾರ್ಸನ್ ಎಂಬ ಇಬ್ಬರು ವಿದ್ವಾಂಸರು ನೀರಿನ ಕಲ್ಮಷವನ್ನು ಅದರಲ್ಲಿರುವ ಜೀವಿಗಳಿಂದ ಗುರುತಿಸುವ ಕ್ರಮವನ್ನು ಕಟ್ಟಿ ೧೯೦೮ರಲ್ಲಿ ಸಸ್ಯಗಳ ಪಟ್ಟಿಯನ್ನೂ ೧೯೦೯ರಲ್ಲಿ ಪ್ರಾಣಿಗಳ ಪಟ್ಟಿಯನ್ನೂ ಹೊರತಂದರು. ಬ್ರಿಟನ್ನಿನಲ್ಲಿ ೧೯೭೬ರಲ್ಲಿ ನೇಮಕವಾದ ಒಂದು ಮಂಡಲಿಯವರು ಒಂದೊಂದು ಕೀಟಕುಟುಂಬಕ್ಕೂ ಅಂಕಗಳನ್ನು ಗೊತ್ತುಮಾಡಿದರು: ಅತಿ ಸೂಕ್ಷ್ಮವಾದ ಮೇಫ್ಲೈಗಳಿಗೆ ೧೦, ರಕ್ತಹುಳುವಿನ ಕುಟುಂಬಕ್ಕೆ ೨, ಕೆಸರಿನ ಎರೆಹುಳುಗಳಿಗೆ ೧. ನಮ್ಮ ದೇಶದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರೂ ಇದೇ ದಾರಿಯಲ್ಲಿ ಜೀವಿಗಳಿಂದ ನೀರನ್ನು ಐದು ದರ್ಜೆಗಳಾಗಿ ವಿಂಗಡಿಸುವ ಕ್ರಮವನ್ನು ಏರ್ಪಡಿಸಿದ್ದಾರೆ. ಬೆಂಗಳೂರಿನಲ್ಲಿಯೇ ಇರುವ ಅಶೋಕ ಟ್ರಸ್ಟ್ ಎಂಬ ಪರಿಸರ ಸಂಶೋಧನ ಸಂಸ್ಥೆಯು ೨೦೦೭ರಲ್ಲಿ ಸುಬ್ರಮಣಿಯನ್, ಶಿವರಾಮಕೃಷ್ಣನ್ ಎಂಬ ಇಬ್ಬರು ಕೀಟಶಾಸ್ತ್ರಜ್ಞರಿಂದ ಈ ವಿಷಯವಾಗಿ ಒಂದು ಕೈಪಿಡಿಯನ್ನು ಬರೆಯಿಸಿ ಪ್ರಕಟಿಸಿತು. ಅದು ಹಿರಿಯ ತರಗತಿಯ ವಿದ್ಯಾರ್ಥಿನಿಯರಿಗೆ ಅರ್ಥವಾಗದ ಪುಸ್ತಕವಲ್ಲ. ದಕ್ಷಿಣ ಆಫ್ರಿಕದಲ್ಲಿ ಶಾಲೆಯ ಮಕ್ಕಳೇ ಹೊಳೆಗಿಳಿದು ಹದಿಮೂರು ಗುಂಪಿನ ಪ್ರಾಣಿಗಳನ್ನು ಗುರುತಿಸಿ ಅಂಕ ಹಾಕುವ ಸುಲಭವಾದ ಪದ್ಧತಿಯೊಂದು ರೂಢಿಯಲ್ಲಿದೆ.

ಎರಡು ಸರೋವರಗಳ ಕಥೆಯನ್ನು ಇಲ್ಲಿ ಹೇಳದಿದ್ದರೆ ವಾದವು ಕುಂಟುವುದು. ಎರಡೂ ಅಮೆರಿಕದ್ದು. ಈರೀ ಎಂಬ ಮಹಾಸರೋವರದ ಪಶ್ಚಿಮ ಭಾಗದಲ್ಲಿ ಬೇಸಗೆ ಬಂದರೆ ಮೇಫ್ಲೈಗಳು ಮೋಡ ಕವಿದಂತೆ ಏಳುತ್ತಿದ್ದುವು. ದಡದ ಊರುಗಳಲ್ಲಿ ಸಲಿಕೆಯಿಂದ ಬೀದಿ ಗುಡಿಸಬೇಕಾಗುತ್ತಿದ್ದಿತು. ಇದರ ಕಾಟ ತಪ್ಪಿದರೆ ಸಾಕೆಂದು ಜನರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ೧೯೫೩ನೆಯ ಇಸವಿಯಲ್ಲಿ ಗಾಳಿಯಿಲ್ಲದ ಬಿಸಿ ದಿನಗಳಲ್ಲಿ ತಳದ ನೀರಿನ ಪ್ರಾಣವಾಯು ತೀರಿ ಆ ಮರಿಗಳು ಸತ್ತುವು. ಕೆಲವೇ ವರ್ಷಗಳಲ್ಲಿ ಆ ಕೀಟವು ಅಲ್ಲಿಂದ ಹೇಳಹೆಸರಿಲ್ಲದಂತಾಯಿತು. ಸರೋವರವು ಸಾಯುತ್ತಿದೆಯೆಂದು ಎಲ್ಲರೂ ಕೂಗುವ ಹೊತ್ತಿಗೆ ಹತ್ತು ವರ್ಷಗಳ ಮೇಲಾಗಿದ್ದುವು. ೧೯೭೨ರಲ್ಲಿ ಅಮೆರಿಕವೂ ಕೆನಡಾವೂ ಒಡಂಬಡಿಕೆ ಮಾಡಿಕೊಂಡು, ಸಾಬೂನುಪುಡಿಯಿಂದಲೂ ಚರಂಡಿಯಿಂದಲೂ ಬರುವ ರಂಜಕವನ್ನು ತಗ್ಗಿಸುತ್ತ ಬಂದ ಮೇಲೆ, ೧೯೯೦ರ ದಶಕದ ಆರಂಭದಲ್ಲಿ ಮೇಫ್ಲೈಗಳು ಮರಳಿ ಬಂದುವು. ಹೋದಾಗಲೂ ಅವೇ ಸುದ್ದಿ ಹೇಳಿದುವು, ನೀರು ಸುಧಾರಿಸಿದಾಗಲೂ ಅವೇ ಹೇಳಿದುವು.

ಎರಡನೆಯದು ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್. ಅಲ್ಲಿ ಕಚ್ಚದ ನುಸಿಯ ಹಿಂಡುಗಳು ವಿಹಾರಕ್ಕೆ ಬಂದವರಿಗೆ ಬೇಸರವುಂಟುಮಾಡುತ್ತಿದ್ದುದರಿಂದ ೧೯೪೯ರಲ್ಲಿ ಸರೋವರಕ್ಕೆ ಡಿ.ಡಿ.ಡಿ. ಎಂಬ ಕೀಟನಾಶಕವನ್ನು ಸುರಿದರು. ಏಳು ಕೋಟಿ ಭಾಗ ನೀರಿಗೆ ಒಂದು ಭಾಗ. ಅಷ್ಟು ಅಲ್ಪವೆಂದು ಧೈರ್ಯ. ನುಸಿಯು ತಗ್ಗಿ ಮತ್ತೆ ಬಂದಿತು. ೧೯೫೪ರಲ್ಲಿಯೂ ೧೯೫೭ರಲ್ಲಿಯೂ ಮತ್ತೆ ಸುರಿದರು. ವಿಷವು ಸೂಕ್ಷ್ಮಜೀವಿಗಳಿಂದ ಮೀನಿಗೂ, ಮೀನಿನಿಂದ ಗುಳುಮುಳುಕನ ಜಾತಿಯ ನೀರುಹಕ್ಕಿಗಳಿಗೂ ಏರಿ, ಹಕ್ಕಿಗಳ ಕೊಬ್ಬಿನಲ್ಲಿ ಶೇಖರವಾಗಿ, ಅವು ನೂರಾರು ಸಂಖ್ಯೆಯಲ್ಲಿ ಸತ್ತುವು. ರೇಚಲ್ ಕಾರ್ಸನ್ ಎಂಬ ಮಹಿಳೆಯು ೧೯೬೨ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದ ಗ್ರಂಥದಲ್ಲಿ ಈ ವೃತ್ತಾಂತವನ್ನು ಲೋಕಕ್ಕೆ ತಿಳಿಸಿದಳು. ಹುಳುವಿನ ಕಾಟವನ್ನು ತಪ್ಪಿಸಲು ನೀರಿಗೇ ವಿಷ ಹಾಕುವ ಬುದ್ಧಿಯು ನಮ್ಮ ಬಡಾವಣೆಗಳಲ್ಲಿಯೂ ಇದೆ. ಆದಕಾರಣವೇ ಈ ಕಥೆಯನ್ನು ಹೇಳಿದೆವು.

ಇದರಿಂದ ಸೊಳ್ಳೆಯ ಪ್ರಶ್ನೆಗೆ ಬರುತ್ತೇವೆ. ಕೆರೆಯ ಬಳಿ ಮನೆ ಮಾಡಿರುವ ಪೋಷಕರು ಡೆಂಗ್ಯೂ ಜ್ವರಕ್ಕೆ ಹೆದರುವುದು ನ್ಯಾಯವೇ ಆಗಿದೆ. ಮಕ್ಕಳನ್ನು ಕಳೆದುಕೊಂಡ ಮನೆಗಳಿರುವಾಗ ಆ ಭಯವನ್ನು ಲಘುವಾಗಿ ಕಾಣಲಾಗದು. ಆದರೆ ಡೆಂಗ್ಯೂವನ್ನು ಹರಡುವ ಸೊಳ್ಳೆಯು ಕೆರೆಯಲ್ಲಿ ಮೊಟ್ಟೆಯಿಡುವುದು ವಿರಳ. ಮನೆಯ ಹೂಕುಂಡದ ತಟ್ಟೆ, ಮೇಲಿನ ತೊಟ್ಟಿ, ಹಳೆಯ ಟೈರು, ತೆಂಗಿನ ಕರಟ, ಇಂಥ ಸ್ವಲ್ಪವಾದ ತಿಳಿನೀರೇ ಅದರ ತೊಟ್ಟಿಲು. ಕೆರೆಯ ಬದಿಯ ಚರಂಡಿಯಲ್ಲಿ ಹುಟ್ಟಿ ರಾತ್ರಿಯೆಲ್ಲಾ ಕಾಡುವುದು ಬೇರೊಂದು ಜಾತಿ. ಅದಕ್ಕೆ ಕೊಳಕುನೀರೇ ಇಷ್ಟ, ಏತಕ್ಕೆಂದರೆ ಅದನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ನೀರುಜೀರುಂಡೆಗಳೂ ಅಲ್ಲಿ ಬದುಕಲಾರವು. ಕೆರೆಯ ಅಂಚಿಗೆ ಹೊಗೆ ಹೊಡೆಯಿಸಿದರೆ ಮೊದಲು ಸಾಯುವುವು ಕೋಮಲವಾದ ಕಿವಿರಿನವು. ಮೊದಲು ಮರಳಿ ಬರುವುದು ಸೊಳ್ಳೆ. ಹೊಗೆಯ ಗಾಡಿಯು ಬೀದಿಯಲ್ಲಿ ಬಂದರೆ ಸಮಾಧಾನಗೊಳ್ಳುವ ನಾವು ನಮ್ಮ ಮಹಡಿಯ ಮೇಲಿನ ತೊಟ್ಟಿಯ ಮುಚ್ಚಳವನ್ನು ನೋಡಿಬರುವುದಿಲ್ಲವೆಂಬುದನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ.

ಕೀಟದ ಸಾಕ್ಷ್ಯಕ್ಕೂ ಮಿತಿಯುಂಟು. ನೀರಿನಲ್ಲಿ ಕೇಡು ನಡೆದಿದೆಯೆಂದು ಅದು ಹೇಳಬಲ್ಲದು. ಕೇಡು ಮಾಡಿದುದು ಸೀಸವೋ ಕ್ರೋಮಿಯಮೋ ಎಂದು ಹೇಳಲಾರದು. ಅದಕ್ಕೆ ಪ್ರಯೋಗಶಾಲೆಯೇ ಬೇಕು. ಕೀಟವಿಲ್ಲದ ಕೆರೆಯೆಲ್ಲಾ ವಿಷದ ಕೆರೆಯೂ ಅಲ್ಲ. ಸೊಳ್ಳೆಯನ್ನು ತಿನ್ನಲೆಂದು ೧೯೨೮ರಲ್ಲಿ ಹಿಂದೂಸ್ಥಾನಕ್ಕೆ ತಂದ ಗ್ಯಾಂಬೂಸಿಯ ಎಂಬ ಪರದೇಶದ ಮೀನು ಇತರ ಕೀಟಗಳ ಮರಿಗಳನ್ನೂ ತಿಂದುಬಿಡುವುದು. ಹೂಳೆತ್ತಿದ ವರ್ಷ, ಮಳೆ ಹೋದ ವರ್ಷ, ಕೋಡಿ ಹರಿದ ವರ್ಷ, ಒಂದೊಂದರಲ್ಲಿಯೂ ಲೆಕ್ಕವು ಬೇರೆಯಾಗುವುದು. ಬ್ರಿಟನ್ನಿನ ಅಂಕಪಟ್ಟಿಯನ್ನು ತಂದು ಪುಟ್ಟೇನಹಳ್ಳಿಯ ಮೇಲೆ ಹೊರಿಸುವುದೂ ಸಲ್ಲದು, ಏತಕ್ಕೆಂದರೆ ಅದು ಕಲ್ಲುಗಳ ಮೇಲೆ ಹರಿಯುವ ತಣ್ಣನೆಯ ಹೊಳೆಗಳಿಗಾಗಿ ಮಾಡಿದ್ದು. ನಮ್ಮದು ಕೆಸರಿನ ತಳದ ನಿಂತ ನೀರು. ನಮ್ಮ ಕೆರೆಗಳಿಗೆ ತಕ್ಕ ಪಟ್ಟಿಯು ನಮ್ಮ ಕೆರೆಗಳಲ್ಲಿಯೇ ವರ್ಷಗಟ್ಟಲೆ ಎಣಿಸಿದ ಲೆಕ್ಕದಿಂದ ಹುಟ್ಟಬೇಕು. ವರ್ಷಕ್ಕೊಮ್ಮೆ ಪರಿಸರ ದಿನಾಚರಣೆಯ ಹಸುರು ಕಾಗದ ಹಿಡಿದು ಕೆರೆಗೆ ಹೋಗಿ ಭಾವಚಿತ್ರ ತೆಗೆಸಿಕೊಂಡು ಬಂದರೆ ಅಂಥ ಲೆಕ್ಕವು ಸಿಗದು. ಒಂದೇ ಸ್ಥಳದಲ್ಲಿ, ಒಂದೇ ಬಗೆಯಲ್ಲಿ, ವರ್ಷ ವರ್ಷವೂ ಎಣಿಸುವವರು ಬೇಕು. ಹತ್ತನೆಯ ತರಗತಿಯವರು ಹೋದರೆ ಒಂಬತ್ತನೆಯವರು ಮುಂದೆ ಬರುವ ಶಾಲೆಗಿಂತ ಇದಕ್ಕೆ ತಕ್ಕ ಸ್ಥಳ ಯಾವುದು?

ಹೆಣ್ಣುಮಕ್ಕಳು ಕೆರೆಯ ನೀರಿಗೆ ಇಳಿಯುವುದೇ ಎಂಬ ಆಕ್ಷೇಪಣೆಯನ್ನು ನಾವು ನಿರೀಕ್ಷಿಸಿದ್ದೇವೆ. ಇಳಿಯಬೇಕಾಗಿಯೇ ಇಲ್ಲ. ಚರಂಡಿ ಸೇರಿದ ನೀರಿಗೆ ಯಾವ ಮಕ್ಕಳನ್ನೂ, ಹೆಣ್ಣಾಗಲಿ ಗಂಡಾಗಲಿ, ಬರಿಗಾಲಿನಲ್ಲಿ ಇಳಿಸಕೂಡದು. ಅದರಿಂದ ಜ್ವರವೂ ಚರ್ಮರೋಗವೂ ಬರುವುವು. ಆದರೆ ಏರೋಪ್ಲೇನ್ ಚಿಟ್ಟೆಯ ಮರಿಯು ಬಲಿತ ಮೇಲೆ ಸಾಮಾನ್ಯವಾಗಿ ರಾತ್ರಿಯ ಹೊತ್ತು ಜೊಂಡಿನ ಕಡ್ಡಿಯನ್ನು ಹಿಡಿದು ಮೇಲೇರಿ, ಬೆನ್ನು ಸೀಳಿ, ರೆಕ್ಕೆ ಬಿಚ್ಚಿ ಹಾರಿಹೋಗುವುದು. ಅದರ ಪೊರೆಯು ಆ ಕಡ್ಡಿಯ ಮೇಲೆಯೇ ಅಂಟಿಕೊಂಡಿರುವುದು. ಆ ಪೊರೆಗಳನ್ನು ದಡದಲ್ಲಿ ನಿಂತು ಆಯ್ದು ಎಣಿಸಬಹುದು. ಯಾವ ಜೀವಕ್ಕೂ ಹಾನಿಯಿಲ್ಲ. ಸಾಕ್ಷ್ಯವೂ ಬಲವಾದದ್ದು. ಹಾರಾಡುವ ಚಿಟ್ಟೆಯು ಬೇರೆ ಕೆರೆಯಿಂದ ಬಂದಿರಬಹುದು. ಅದಕ್ಕೆ ನೀರಾವುದು, ಹೊಳೆಯುವ ಮೋಟಾರು ಕಾರಾವುದು ಎಂಬುದೂ ಕೆಲವು ಸಲ ತಿಳಿಯದೆ ಕಾರಿನ ಮೇಲೆ ಮೊಟ್ಟೆಯಿಡಲು ಹೋಗುವುದುಂಟು. ಪೊರೆಯಾದರೋ ಆ ಕೀಟವು ಅದೇ ನೀರಿನಲ್ಲಿ ಬಾಲ್ಯವೆಲ್ಲವನ್ನೂ ಕಳೆದು ಬದುಕಿ ಹೊರಬಂದಿತೆಂಬುದಕ್ಕೆ ರುಜು. ಇದನ್ನು ಬೆಳಗಿನ ಹೊತ್ತು, ಉಪಾಧ್ಯಾಯಿನಿಯರ ಜೊತೆಯಲ್ಲಿ, ಗಾಳಿ ಮಳೆ ಅದನ್ನು ಉದುರಿಸುವ ಮುಂಚೆ ಮಾಡಿ, ಪ್ರಾರ್ಥನೆಯ ಗಂಟೆಗೆ ಶಾಲೆಗೆ ಬಂದು ಸೇರಬಹುದು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಇದರಿಂದ ನಷ್ಟವಾಗುವುದೆಂದು ಹೇಳುವವರಿಗೆ, ತಿಂಗಳಿಗೆ ಒಂದು ಬೆಳಗ್ಗೆಯಿಂದ ನಷ್ಟವಾಗುವ ವಿದ್ಯೆಯು ಎಂಥದೆಂದು ನಾವು ಕೇಳಬೇಕಾಗುವುದು.

ಆದರೆ ಪೊರೆ ಅಂಟಿಕೊಳ್ಳಲು ಜೊಂಡು ಇರಬೇಕಲ್ಲವೆ? ಕೆರೆಯ ಅಭಿವೃದ್ಧಿಯೆಂಬ ಹೆಸರಿನಲ್ಲಿ ದಡವನ್ನೆಲ್ಲಾ ಕೆರೆದು, ಕಲ್ಲು ಸಿಮೆಂಟಿನ ಇಳಿಜಾರು ಕಟ್ಟಿ, ಸುತ್ತಲೂ ನಡೆಯುವ ದಾರಿ ಮಾಡಿ, ಬಣ್ಣದ ದೀಪ ಹಾಕಿದ ಕೆರೆಗಳನ್ನು ಬೆಂಗಳೂರಿನಲ್ಲಿ ಕಾಣುತ್ತೇವೆ. ಅವು ಕೈ ತೊಳೆಯುವ ಬೇಸಿನ್ನಿನಂತೆ ಚೊಕ್ಕಟವಾಗಿಯೂ ಅಷ್ಟೇ ನಿರ್ಜೀವವಾಗಿಯೂ ಇರುವುವು. ಅಂಥ ಕೆರೆಯಲ್ಲಿ ಕೀಟವಿಲ್ಲದಿರುವುದು ವಿಷದಿಂದಲೋ ಸಿಮೆಂಟಿನಿಂದಲೋ ಹೇಳಬರುವಂತಿಲ್ಲ. ಸಾಕ್ಷಿಯನ್ನು ಊರು ಬಿಡಿಸಿದ ಮೇಲೆ ವಿಚಾರಣೆ ನಡೆಸಿದ ಹಾಗಾಯಿತು. ದಡದ ಒಂದು ಭಾಗವನ್ನಾದರೂ ಜೊಂಡು ಬೆಳೆದ ಹಾಗೆಯೇ ಬಿಡಬೇಕೆಂದು ನಗರಾಡಳಿತದವರನ್ನು ಕೇಳುವ ಹಕ್ಕು ಪೋಷಕರಿಗಿದೆ; ನಡೆಯುವ ದಾರಿಯು ಅಗಲವಾಗಲೆಂದು ಅರ್ಜಿ ಬರೆದುಕೊಳ್ಳುವವರು ಈ ಎರಡು ಸಾಲನ್ನೂ ಸೇರಿಸಲಿ. ಇದರಲ್ಲಿ ನಮಗೆ ವಿನೋದ ಮಾತ್ರವಲ್ಲ, ಬೇರೆಯವರ ಅನ್ನವೂ ಸೇರಿದೆ. ಬೆಂಗಳೂರಿನ ಎಷ್ಟೋ ಕೆರೆಗಳ ಅಂಚಿನಲ್ಲಿ ಹೆಂಗಸರು ಹಸುವಿಗೆ ಹುಲ್ಲು ಕೊಯ್ಯುವರು. ಆ ಹಸುವಿನ ಹಾಲು ನಮ್ಮ ಮನೆಗಳಿಗೇ ಬರುವುದು. ಮೀನು ಹಿಡಿಯುವ ಗುತ್ತಿಗೆದಾರನ ಕೆಳಗೆ ಕೂಲಿ ಮಾಡುವವನು ದಿನವೆಲ್ಲಾ ಆ ನೀರಿನಲ್ಲಿ ನಿಲ್ಲುವನು. ಕೆರೆಯ ನೀರು ನೆಲಕ್ಕೆ ಇಂಗಿ ಸುತ್ತಲಿನ ಕೊಳವೆಬಾವಿಗಳನ್ನೂ ಸೇರುವುದು.

ಇನ್ನೊಂದು ಚಿಕ್ಕ ಮಾತು. ಈ ಲೇಖನದುದ್ದಕ್ಕೂ ನಾವು ಕೈರೊನೊಮಿಡ್, ಮೇಫ್ಲೈ ಎಂದು ಪರದೇಶದ ಹೆಸರುಗಳನ್ನೇ ಬಳಸಬೇಕಾಯಿತು. ಕೆರೆಯ ಬದಿಯಲ್ಲಿಯೇ ಬಾಳಿದ ನಮ್ಮ ಅಜ್ಜಿಯರು ಇವುಗಳಿಗೆ ಹೆಸರಿಡದೆ ಇದ್ದಿರಲಾರರು. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಪಾದ್ರಿಗಳು ಜರ್ಮನಿಯಿಂದ ಬಂದವರಾದರೂ ನಮ್ಮ ಮಾತುಗಳನ್ನು ಒಂದೊಂದಾಗಿ ಕೂಡಿಹಾಕಿ ೧೮೯೪ರಲ್ಲಿ ಕನ್ನಡ ನಿಘಂಟನ್ನು ಅಚ್ಚುಹಾಕಿಸಿದರು. ಮಿಷನ್ ಶಾಲೆಯ ಹುಡುಗಿಯರು ಅದೇ ಹಾದಿಯಲ್ಲಿ ಜರಗನಹಳ್ಳಿ, ಸಾರಕ್ಕಿಗಳ ಹಳೆಯ ಮನೆಗಳ ಮುದುಕಿಯರ ಬಳಿ ಕುಳಿತು, ನೀರಿನ ಮೇಲೆ ಓಡುವ ಹುಳುವಿಗೆ ಏನೆನ್ನುತ್ತಿದ್ದಿರಿ, ಗಿರಗಿರನೆ ಸುತ್ತುವ ಕಪ್ಪು ಜೀರುಂಡೆಗೆ ಏನೆನ್ನುತ್ತಿದ್ದಿರಿ ಎಂದು ಕೇಳಿ ಬರೆದುಕೊಂಡರೆ ಅದೂ ಒಂದು ಸೇವೆಯೇ. ಆ ಮುದುಕಿಯರು ಬಹಳ ಕಾಲ ಇರುವವರಲ್ಲ.

ಆರಂಭಕ್ಕೆ ಹೆಚ್ಚಿನ ವೆಚ್ಚವಿಲ್ಲ. ಉದ್ದ ಹಿಡಿಯ ಬಲೆ ಎರಡು, ಬಿಳಿಯ ತಟ್ಟೆ ನಾಲ್ಕು, ಭೂತಗನ್ನಡಿ, ರಬ್ಬರಿನ ಕೈಚೀಲ, ದಪ್ಪ ರಟ್ಟಿನ ಒಂದು ದಾಖಲೆ ಪುಸ್ತಕ. ಪುಸ್ತಕದ ಒಂದೊಂದು ಪುಟದಲ್ಲಿಯೂ ತಾರೀಖು, ಹೊತ್ತು, ಹಿಂದಿನ ವಾರದ ಮಳೆ, ನೀರಿನ ಬಣ್ಣ ವಾಸನೆ, ನೊರೆಯಿದೆಯೋ ಇಲ್ಲವೋ, ದಡಕ್ಕೆ ಹೊಗೆ ಹೊಡೆದದ್ದು ಯಾವಾಗ, ಇವುಗಳ ಕೆಳಗೆ ಕೀಟಗಳ ಲೆಕ್ಕ. ರೆಕ್ಕೆಯಿರುವ ದೊಡ್ಡ ಕೀಟಗಳನ್ನೂ ರೆಕ್ಕೆಯಿಲ್ಲದ ಮರಿಗಳನ್ನೂ ಬೇರೆ ಬೇರೆ ಕಲಮಿನಲ್ಲಿ ಬರೆಯತಕ್ಕದ್ದು. ಮರಿಗಳೇ ಆ ನೀರಿನ ನಿಜವಾದ ಒಕ್ಕಲು. ಏನೂ ಸಿಗದ ದಿವಸವೂ ಸೊನ್ನೆಯೆಂದು ಬರೆಯಲೇಬೇಕು, ಬೇಸರದಿಂದ ಪುಟವನ್ನು ಹಾರಿಸಕೂಡದು. ರಕ್ತಹುಳುಗಳ ಬಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸವು ಮೇಲಿನ ತರಗತಿಯವರದು. ಲೆಕ್ಕವು ಮೂರು ತಿಂಗಳು ಒಂದೇ ಸಮನೆ ಇಳಿದರೆ ಪುಟಗಳ ನಕಲನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೆರೆಯನ್ನು ನೋಡಿಕೊಳ್ಳುವವರಿಗೂ ಕಳುಹಿಸಿ, ಶೀಸೆಯ ಪರೀಕ್ಷೆಯನ್ನು ಯಾವ ಸ್ಥಳದಲ್ಲಿ ಯಾವ ಹೊತ್ತಿನಲ್ಲಿ ಮಾಡಬೇಕೆಂದು ಕೇಳಿಕೊಳ್ಳಬಹುದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವೈದ್ಯರಿದ್ದಾರೆ, ಪ್ರಯೋಗಶಾಲೆಗಳಲ್ಲಿ ಕೆಲಸದಲ್ಲಿರುವವರಿದ್ದಾರೆ, ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸುವವರಿದ್ದಾರೆ. ಅವರು ವರ್ಷಕ್ಕೆ ಎರಡು ಬೆಳಗ್ಗೆ ಬಂದು ಹುಡುಗಿಯರು ಗುರುತಿಸಿದ ಹೆಸರುಗಳು ಸರಿಯೋ ತಪ್ಪೋ ಎಂದು ನೋಡಿಹೋದರೆ ದಾಖಲೆಗೆ ಬೆಲೆ ಬರುವುದು. ಮಳೆಗಾಲ ಮುಗಿದು ಕೆರೆಯ ನೀರು ನಿಂತು ತಿಳಿಯಾಗುವ ಕಾರ್ತಿಕ ಮಾಸದಲ್ಲಿ ಮೊದಲನೆಯ ಎಣಿಕೆಯನ್ನು ಪುಟ್ಟೇನಹಳ್ಳಿಯಲ್ಲಿಯೂ, ಎರಡನೆಯದನ್ನು ಸಾರಕ್ಕಿಯಲ್ಲಿಯೂ ನಡೆಸುವುದು ಅನುಕೂಲವೆಂದು ನಮಗೆ ತೋರುತ್ತದೆ. ಒಪ್ಪಿಗೆಯ ಪತ್ರಗಳನ್ನು ಪೋಷಕರು ತರಗತಿಯ ಉಪಾಧ್ಯಾಯಿನಿಯರ ಕೈಗೆ ಕೊಡಬಹುದು.